ಪ್ರೊಬೇಷನ್‌ನಲ್ಲಿರುವ ಪೈಲಟ್ ಯೂನಿಯನ್ ಪಿಕೆಟ್‌ಗೆ ಹೋಗಬಹುದಾ?

ಬೇಲೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಕಂಪನಿ ಹೆಸರು ಬೇಡ. ಸೇರಿ ಇನ್ನೂ ವರ್ಷ ತುಂಬಿಲ್ಲ, ಪ್ರೊಬೇಷನ್. ಈಗ ಕೆಲಸದಿಂದ ತೆಗೆದರೆ ಯೂನಿಯನ್‌ಗೂ ಹೆಚ್ಚೇನು ಮಾಡೋಕೆ ಆಗಲ್ಲ.

ಕಾಂಟ್ರ್ಯಾಕ್ಟ್ ಮಾತುಕತೆ ಎಳೆದಾಡುತ್ತಲೇ ಇದೆ. ಮುಂದಿನ ವಾರ ಪಿಕೆಟ್ (ಬೋರ್ಡ್ ಹಿಡಿದು ಪ್ರತಿಭಟನೆ) ಇಟ್ಟಿದ್ದಾರೆ. ಹಳಬರೆಲ್ಲ ಐಡಿ ಕಾರ್ಡನ್ನು ಯೂನಿಯನ್ ದಾರದಲ್ಲಿ ನೇತು ಹಾಕಿಕೊಂಡು ಓಡಾಡುತ್ತಾರೆ. ನನ್ನ ಕೊರಳಲ್ಲಿ ಇನ್ನೂ ಟ್ರೇನಿಂಗ್‌ನಲ್ಲಿ ಕಂಪನಿ ಕೊಟ್ಟ ದಾರ. ಮೊನ್ನೆ ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಅದರ ಕಡೆ ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೇ ವಾಸಿಯಿತ್ತು.

ಇನ್ನೊಂದು ವಿಷಯ. ರಜೆ ದಿನ ಶೆಡ್ಯೂಲಿಂಗ್‌ನಿಂದ ಫೋನ್ ಬರುತ್ತೆ. ಟ್ರಿಪ್ ಖಾಲಿ ಇದೆ, ಒಂದೂವರೆ ಪಟ್ಟು ದುಡ್ಡು ಅಂತಾರೆ. ಟ್ರೇನಿಂಗ್ ಸಾಲ ತಲೆ ಮೇಲಿದೆ. ತಗೋಬಹುದಾ? ಅಮ್ಮನಂತೂ "ಯೂನಿಯನ್ ಗೀನಿಯನ್ ಅಂತ ಹೋಗ್ಬೇಡ ಮಗಾ, ಮೊದಲು ಹೋಗೋದು ಮುಂದೆ ನಿಂತವನ ಕೆಲಸವೇ" ಅನ್ನುತ್ತಾರೆ.

ಡಲ್ಲಾಸ್ ಮಾವ:
ತಮ್ಮಾ, ನಾನು 65 ತುಂಬಿ ಮನೆಗೆ ಬಂದ ಕ್ಯಾಪ್ಟನ್. ಮೊದಲು ಆ ಎರಡನೇ ಪ್ರಶ್ನೆ. ಎಕ್ಸ್‌ಟ್ರಾ ಟ್ರಿಪ್ ತಗೋಬೇಕಾ ಬೇಡವಾ ಅಂತ ಇಂಥ ಜಾಗದಲ್ಲಿ ಯಾರನ್ನೂ ಕೇಳಬೇಡ. ಮಾತುಕತೆ ನಡೆಯುವಾಗ ಪೈಲಟ್‌ಗಳು ಒಟ್ಟಾಗಿ ಮಾತಾಡಿಕೊಂಡು ಓವರ್‌ಟೈಮ್ ಬಿಟ್ಟರೆ ಕಂಪನಿ ಸೀದಾ ಕೋರ್ಟಿಗೆ ಹೋಗುತ್ತೆ. ಇಂಥ ಪೋಸ್ಟುಗಳನ್ನೇ ಪ್ರಿಂಟ್ ತೆಗೆದು ಜಡ್ಜ್ ಮುಂದೆ ಇಡುತ್ತಾರೆ. 1999ರ ಫೆಬ್ರವರಿಯಲ್ಲಿ, ರೀನೋ ಏರ್ ಅನ್ನೋ ಚಿಕ್ಕ ಏರ್‌ಲೈನ್ ಖರೀದಿಯ ಜಗಳದಲ್ಲಿ, ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಗುಂಪಾಗಿ ಸಿಕ್ ಲೀವ್ ಹಾಕಿದರು. ಕೋರ್ಟ್ ಆದೇಶ ಬಂದ ಮೇಲೂ ಬೇಗ ವಾಪಸ್ ಬರಲಿಲ್ಲ. ಯೂನಿಯನ್‌ಗೆ ಬಿದ್ದ ದಂಡ 4.55 ಕೋಟಿ ಡಾಲರ್! ರಜೆ ದಿನ ಫೋನ್ ಎತ್ತೋದು, ಬಿಡೋದು ನಿನ್ನಿಷ್ಟ. ಯಾರಿಗೂ ಲೆಕ್ಕ ಕೊಡಬೇಡ.

ಪಿಕೆಟ್ ಬೇರೆ. ಅದರಿಂದ ಒಂದು ಫ್ಲೈಟೂ ನಿಲ್ಲಲ್ಲ. ಡ್ಯೂಟಿ ಇಲ್ಲದವರು ಯೂನಿಫಾರ್ಮ್, ಟೋಪಿ ಹಾಕಿ, ಬೋರ್ಡ್ ಹಿಡಿದು ಟರ್ಮಿನಲ್ ಮುಂದಿನ ಫುಟ್‌ಪಾತ್‌ನಲ್ಲಿ ಸಾಲಾಗಿ ಸುತ್ತು ಹಾಕೋದು. ಘೋಷಣೆ ಕೂಗೋದಿಲ್ಲ. ಪಕ್ಕದವನ ಜೊತೆ ಹರಟೆ ಹೊಡೆದರೂ ಬೈತಾರೆ. ಯೂನಿಫಾರ್ಮ್ ನೋಡಿ ಪ್ಯಾಸೆಂಜರ್‌ಗಳು ಬಂದು "ಚೆಕ್-ಇನ್ ಎಲ್ಲಿ" ಅಂತ ಕೇಳ್ತಾರೆ. ಬೋರ್ಡನ್ನೇ ಆ ಕಡೆ ತಿರುಗಿಸಿ ದಾರಿ ತೋರಿಸ್ತಿದ್ವಿ. ಸಂಜೆ ಹೊತ್ತಿಗೆ ಹಿಮ್ಮಡಿ ಪದ ಹಾಡುತ್ತೆ, ಡ್ಯೂಟಿ ಶೂ ನಡೆಯೋಕೆ ಮಾಡಿದ್ದಲ್ಲ ನೋಡು.

ಇನ್ನು ಹೊಸಬರ ಭಯ. 1985ರ ಮೇ 17ಕ್ಕೆ ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು ಸ್ಟ್ರೈಕ್‌ಗೆ ಇಳಿದರು. ಯಾರಿಗೋಸ್ಕರ ಗೊತ್ತಾ? ಇನ್ನೂ ಕೆಲಸಕ್ಕೇ ಸೇರದವರಿಗೋಸ್ಕರ. ಅದೇ ವಿಮಾನ, ಅದೇ ಸೀಟು, ಹೊಸದಾಗಿ ಬರುವವರಿಗೆ ಮಾತ್ರ ಕಮ್ಮಿ ಸಂಬಳ ಅಂತ ಕಂಪನಿ ಹಟ ಹಿಡಿದಿತ್ತು. ಬಿ-ಸ್ಕೇಲ್ ಅಂತಾರೆ ಅದಕ್ಕೆ. ಹಳಬರ ಸಂಬಳಕ್ಕೆ ಅದರಿಂದ ಏಟಿರಲಿಲ್ಲ. ಆದರೂ 29 ದಿನ ಹೊರಗಿದ್ದರು. ಕಂಪನಿ ಸುಮಾರು 570 ಹೊಸಬರಿಗೆ ಟ್ರೇನಿಂಗ್ ಕೊಟ್ಟು ಸ್ಟ್ರೈಕ್ ಮುರಿಯೋಕೆ ರೆಡಿ ಇಟ್ಟಿತ್ತು. ಸ್ಟ್ರೈಕ್ ಶುರುವಾದಾಗ ಅವರಲ್ಲಿ ಬೆರಳೆಣಿಕೆಯ ಜನ ಬಿಟ್ಟರೆ ಯಾರೂ ಒಳಗೆ ಹೋಗಲಿಲ್ಲ. ನಿನ್ನ ಹಾಗೇ ಸಾಲ ಇದ್ದವರು ಅದರಲ್ಲಿ ಎಷ್ಟಿದ್ದರೋ. ಆಮೇಲೆ ಕಂಪನಿ "ಇವರು ನಮಗೆ ಬೇಡ" ಅಂದಿತು. ಯೂನಿಯನ್ ಕೋರ್ಟಿನಲ್ಲಿ ಗೆದ್ದು ಅವರಿಗೆ ಕೆಲಸ ಕೊಡಿಸಿತು.

ನಿನಗೆ ಹೇಳೋದು ಇಷ್ಟು. ಪಿಕೆಟ್‌ಗೆ ಬರಲೇಬೇಕು ಅಂತ ಪ್ರೊಬೇಷನ್‌ನವರನ್ನು ನಮ್ಮಲ್ಲಿ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಹೋಗುವುದಾದರೆ ನಿನ್ನ ಬೇಸ್‌ನ ಯೂನಿಯನ್ ಪ್ರತಿನಿಧಿಯನ್ನು ಒಂದು ಮಾತು ಕೇಳಿ ಹೋಗು. ದಾರ ಮಾತ್ರ ಇವತ್ತೇ ಬದಲಾಯಿಸು. ನಿನ್ನ ಕ್ಯಾಪ್ಟನ್ ನೋಡಿದ್ದು ಅದನ್ನೇ.

ಜಾಲಹಳ್ಳಿ ಕ್ರಾಸ್:
ಮಾವ ಹೇಳಿದ ಕಥೆ ಚೆನ್ನಾಗಿದೆ. ನಮ್ಮ ಕಡೆಯದ್ದೂ ಕೇಳಿ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದವು. ಯೂನಿಯನ್ ಮಾತ್ರ ಎರಡೇ. 2011ರಲ್ಲಿ ಹಳೆ ಇಂಡಿಯನ್ ಏರ್‌ಲೈನ್ಸ್ ಕಡೆಯ ಪೈಲಟ್ ಯೂನಿಯನ್ ಐಸಿಪಿಎ, ಏರ್ ಇಂಡಿಯಾದವರಷ್ಟೇ ಸಂಬಳ ಕೊಡಿ ಅಂತ 10 ದಿನ ಕೆಲಸ ನಿಲ್ಲಿಸಿತು. ಮರುವರ್ಷ ಏರ್ ಇಂಡಿಯಾ ಕಡೆಯ ಯೂನಿಯನ್ ಐಪಿಜಿ ಸರದಿ, 58 ದಿನ. ಅವರ ಮುಖ್ಯ ಸಿಟ್ಟು ಹೊಸ ಡ್ರೀಮ್‌ಲೈನರ್ ವಿಮಾನದ ಟ್ರೇನಿಂಗ್ ಆ ಕಡೆಯವರಿಗೂ ಕೊಟ್ಟಿದ್ದಕ್ಕೆ. ಅಂದರೆ ಜಗಳ ಅರ್ಧ ಮ್ಯಾನೇಜ್‌ಮೆಂಟ್ ಜೊತೆ, ಅರ್ಧ ತಮ್ಮವರ ಜೊತೆಗೇ. ನೂರಕ್ಕೂ ಹೆಚ್ಚು ಪೈಲಟ್‌ಗಳು ಡಿಸ್ಮಿಸ್ ಆದರು. ಕೊನೆಗೆ ದೆಹಲಿ ಹೈಕೋರ್ಟಿನಲ್ಲಿ ಒಪ್ಪಿಕೊಂಡು ಕೆಲಸಕ್ಕೆ ಬಂದರು.

ಅದೇ 2009ರ ಸೆಪ್ಟೆಂಬರ್ ನೋಡಿ. ಜೆಟ್ ಏರ್‌ವೇಸ್‌ನಲ್ಲಿ ಯೂನಿಯನ್ ಕಟ್ಟಿದವರನ್ನು ಕಂಪನಿ ತೆಗೆದುಹಾಕಿತು. ನೂರಾರು ಪೈಲಟ್‌ಗಳು ಒಟ್ಟಿಗೆ "ಹುಷಾರಿಲ್ಲ" ಅಂದರು. ಐದು ದಿನಕ್ಕೇ ತೆಗೆದವರನ್ನು ವಾಪಸ್ ತಗೊಂಡರು.

ಹೋಗಲಿ, ಬೇಲೂರಿನವರೇ, ನಿಮ್ಮ ಅಮ್ಮ ಹೇಳಿದ್ದೂ ಸುಳ್ಳಲ್ಲ. ಮುಂದೆ ಒಬ್ಬರೇ ನಿಲ್ಲಬೇಡಿ. ಗುಂಪಿನ ನಡುವೆ ನಿಲ್ಲಿ.

ಬೇಲೂರು ಹುಡುಗ:
ಥ್ಯಾಂಕ್ಸ್ ಮಾವ, ಥ್ಯಾಂಕ್ಸ್ ಸರ್. ಟ್ರಿಪ್ ವಿಷಯ ಇನ್ನು ಎತ್ತಲ್ಲ. ಒಂದೇ ಡೌಟು. ನಮ್ಮಲ್ಲಿ ಸ್ಟ್ರೈಕ್‌ಗೆ ಒಪ್ಪಿಗೆ ಕೇಳಿ ವೋಟಿಂಗ್ ಅಂತೆ. ಪಾಸಾದರೆ ಮರುದಿನವೇ ಸ್ಟ್ರೈಕಾ? ಬಾಡಿಗೆ ಕಟ್ಟಬೇಕು.

ಡಲ್ಲಾಸ್ ಮಾವ:
ಹೆದರಬೇಡ, ಅಷ್ಟು ಬೇಗ ಏನೂ ಆಗಲ್ಲ. ಇಲ್ಲಿ ಏರ್‌ಲೈನ್‌ಗಳಿಗೆ ನಡೆಯೋದು 1926ರ ರೈಲ್ವೆ ಲೇಬರ್ ಆಕ್ಟ್. 1936ರಲ್ಲಿ ವಿಮಾನದವರನ್ನೂ ಅದರೊಳಗೆ ಸೇರಿಸಿದರು. ಹಳೆ ಕಾಂಟ್ರ್ಯಾಕ್ಟ್ ಅವಧಿ ಮುಗಿದರೂ ಅದೇ ನಡೀತಿರುತ್ತೆ. ಸರ್ಕಾರದ ಮಧ್ಯಸ್ಥಿಕೆ ಬೋರ್ಡ್ "ಇನ್ನು ನಮ್ಮ ಕೈಲಾಗಲ್ಲ" ಅಂತ ಎರಡೂ ಕಡೆಯವರನ್ನು ಮಾತುಕತೆಯಿಂದ ಬಿಡುಗಡೆ ಮಾಡಬೇಕು. ಆಮೇಲೆ 30 ದಿನ ಕಾಯಬೇಕು. ಅಷ್ಟಾದರೂ ದೇಶದ ಅಧ್ಯಕ್ಷರು ಅಡ್ಡ ಬರಬಹುದು. 1997ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಸ್ಟ್ರೈಕ್ ಅಂದ ಕೆಲವೇ ನಿಮಿಷಕ್ಕೆ ಕ್ಲಿಂಟನ್ ನಿಲ್ಲಿಸಿದರು.

ಈ ವೋಟಿಂಗ್ ಕಂಪನಿಗೆ ತೋರಿಸೋಕೆ. 2022ರಲ್ಲಿ ಡೆಲ್ಟಾ ಏರ್‌ಲೈನ್ಸ್‌ನಲ್ಲಿ 99% ಜನ ಹೂಂ ಅಂದರು, ಸ್ಟ್ರೈಕ್ ಆಗಲೇ ಇಲ್ಲ. 2023ರ ಮಾರ್ಚ್‌ನಲ್ಲಿ 4 ವರ್ಷಕ್ಕೆ 34% ಏರಿಕೆ ಸಿಕ್ಕಿತು. ಅದೇ 2022ರಲ್ಲಿ ಯುನೈಟೆಡ್‌ನವರು ತಮ್ಮ ಕಾಂಟ್ರ್ಯಾಕ್ಟಿನ ಮೊದಲ ಕರಡನ್ನು 94% ವೋಟಿನಿಂದ ಆಚೆ ಹಾಕಿದ್ದರು, ಮುಂದಿನ ವರ್ಷ ಅದಕ್ಕಿಂತ ಎಷ್ಟೋ ಒಳ್ಳೆಯದು ಬಂತು.

ನಿನಗೆ ವೋಟು ಇದೆಯಾ ಅಂತ ಪ್ರತಿನಿಧಿಯನ್ನೇ ಕೇಳು, ಪ್ರೊಬೇಷನ್‌ನವರ ನಿಯಮ ಒಂದೊಂದು ಕಡೆ ಒಂದೊಂದು. ಕರಡು ಕೈಗೆ ಬಂದಾಗ ಸಂಬಳದ ಟೇಬಲ್ ಆಮೇಲೆ ನೋಡು, ಅದನ್ನು ಎಲ್ಲರೂ ನೋಡ್ತಾರೆ. ಮೊದಲು ರಿಸರ್ವ್ ಡ್ಯೂಟಿಯ (ಕರೆದರೆ ಹೋಗೋಕೆ ರೆಡಿ ಇರಬೇಕಾದ ಡ್ಯೂಟಿ) ಭಾಗ ಓದು. ಹೊಸಬರ ಹೊಟ್ಟೆಗೆ ಹೊಡೆಯೋದು ಅಲ್ಲೇ.