ಪರ್ಫ್‌ನಲ್ಲಿ ಕರ್ನೆಲ್ ಹೆಸರು ಹೊಂದುತ್ತಿಲ್ಲವೇ? ಶನಿವಾರದ ಪ್ರಶ್ನೋತ್ತರ

ಅಡ್ಮಿನ್: ಹುಬ್ಬಳ್ಳಿ-ಧಾರವಾಡದ ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನ ತಿರುಳಾದ ಕರ್ನೆಲ್ ಮೇಲೆ ಕೆಲಸ ಮಾಡುವ ನಮ್ಮ ಮೇಡಂ ಇವತ್ತು ಉತ್ತರ ಕೊಡ್ತಾರೆ. ವಿಷಯ ಪರ್ಫ್. ಪ್ರೊಸೆಸರ್ ಸಮಯ ಯಾವ ಫಂಕ್ಷನ್‌ಗೆ ಹೋಗ್ತಿದೆ ಅಂತ ತೋರಿಸುವ ಲಿನಕ್ಸ್ ಟೂಲ್ ಅದು.

ಸಪ್ತಾಪುರ: ಅಕ್ಕಾ, ರಿಪೋರ್ಟ್‌ನಲ್ಲಿ ನನ್ನ ಪ್ರೋಗ್ರಾಂ ಹೆಸರು ಸರಿ ಬರುತ್ತವೆ. ಕರ್ನೆಲ್ ಸಾಲುಗಳಲ್ಲಿ ಮಾತ್ರ ಬರೀ ವಿಳಾಸ. ಕರ್ನೆಲ್ ವಿಳಾಸ ಮರೆಮಾಡುವ ಸೆಟ್ಟಿಂಗ್ ಕೆಪಿಟಿಆರ್_ರಿಸ್ಟ್ರಿಕ್ಟ್ 0 ಮಾಡಿದೆ. ಆದರೂ ಕಾಲ್‌ಸಿಮ್ಸ್ ತೆರೆದರೆ ಎಲ್ಲಾ ಸೊನ್ನೆ.

ಮೇಡಂ: ಯಾವ ವಿಳಾಸದಲ್ಲಿ ಯಾವ ಫಂಕ್ಷನ್ ಇದೆ ಅಂತ ಓಡುತ್ತಿರುವ ಕರ್ನೆಲ್ ತಾನೇ ಕೊಡುವ ಪಟ್ಟಿ ಕಾಲ್‌ಸಿಮ್ಸ್. ಅಲ್ಲೇ ಸೊನ್ನೆ ಇದ್ದರೆ ಪರ್ಫ್ ಏನನ್ನು ಹೊಂದಿಸಬೇಕು? ಅದನ್ನೊಂದು 0 ಮಾಡಿದರೆ ಸಾಲದು. ಪರ್ಫ್ ಬಳಕೆಗೆ ಮಿತಿ ಹಾಕುವ ಇನ್ನೊಂದು ಸೆಟ್ಟಿಂಗ್ ಪರ್ಫ್_ಇವೆಂಟ್_ಪ್ಯಾರನಾಯ್ಡ್ 1ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯ ಯೂಸರ್‌ಗೆ ಆಗಲೂ ಸೊನ್ನೆಯೇ. ಕೆಪಿಟಿಆರ್_ರಿಸ್ಟ್ರಿಕ್ಟ್ ವಾಪಸ್ 1 ಮಾಡಮ್ಮಾ. ರೆಕಾರ್ಡ್, ರಿಪೋರ್ಟ್ ಎರಡನ್ನೂ ಸುಡೊ ಹಾಕಿ, ಅಂದರೆ ಪೂರ್ತಿ ಅಧಿಕಾರದ ರೂಟ್ ಯೂಸರ್ ಆಗಿ ಓಡಿಸು. 2 ಇಟ್ಟರೆ ರೂಟ್‌ಗೂ ಸೊನ್ನೆ ಕಾಣುತ್ತದೆ, ನೆನಪಿರಲಿ.

ಗದಗ: ಮೇಡಂ, ಜಾವಾ ಫಂಕ್ಷನ್ ಹೆಸರು ಬರಲ್ಲ. ಏನು ಮಾಡಬೇಕು?

ಹಾವೇರಿ: ನನಗೂ ಕಾಲ್‌ಸಿಮ್ಸ್‌ನಲ್ಲಿ ಸೊನ್ನೆ ಬರ್ತಿದೆ ಮೇಡಂ.

ಮೇಡಂ: ಈಗಷ್ಟೇ ಹೇಳಿದೆ. ಮೇಲೆ ಓದಿ.

ವಿದ್ಯಾನಗರ: ಬೇರೆ ಗುಂಪಿನಿಂದ ಬಂದ ಪರಿಹಾರ ಹಾಕ್ತಿದ್ದೀನಿ. ಬೂಟ್ ಸಾಲಿಗೆ ನೋಕೆಎಎಸ್‌ಎಲ್‌ಆರ್ ಸೇರಿಸಿ, ಸ್ನೇಹಿತರ ಮಷೀನ್‌ನಿಂದ ಸಿಸ್ಟಮ್.ಮ್ಯಾಪ್ (ಕರ್ನೆಲ್ ಬಿಲ್ಡ್ ಆದಾಗ ಸಿಗುವ ವಿಳಾಸಗಳ ಪಟ್ಟಿ) ತಂದು ಇಡಿ. ನೂರಕ್ಕೆ ನೂರು ಹೆಸರು ಬರುತ್ತೆ.

ಮೇಡಂ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ದಾಳಿ ಮಾಡುವವರಿಗೆ ವಿಳಾಸ ಸಿಗದಂತೆ ಪ್ರತಿ ಬೂಟ್‌ಗೂ ಕರ್ನೆಲ್ ಬೇರೆ ಬೇರೆ ಜಾಗದಲ್ಲಿ ಕೂರುವ ವ್ಯವಸ್ಥೆ ಕೆಎಎಸ್‌ಎಲ್‌ಆರ್. ನೋಕೆಎಎಸ್‌ಎಲ್‌ಆರ್ ಅದನ್ನು ಆಫ್ ಮಾಡುತ್ತದೆ. 2014ರಲ್ಲಿ ಲಿನಕ್ಸ್ 3.14ಕ್ಕೆ ಬಂತು. ಎಕ್ಸ್86ನಲ್ಲಿ 2017ರ 4.12ರಿಂದ ತಾನಾಗೇ ಆನ್ ಇರುತ್ತದೆ. ಕರ್ನೆಲ್ ಎಲ್ಲಿ ಕೂತಿದೆ ಅಂತ ಪರ್ಫ್ ರೆಕಾರ್ಡ್ ಮಾಡುವಾಗಲೇ ಬರೆದುಕೊಳ್ಳುತ್ತದೆ, ಆ ವ್ಯತ್ಯಾಸವನ್ನು ತಾನೇ ಕಳೆಯುತ್ತದೆ. ಇನ್ನು ಬೇರೆ ಮಷೀನ್‌ನ ಮ್ಯಾಪ್ ತಂದರೆ ಹೆಸರು ಬರುತ್ತದೆ, ನಿಜ. ತಪ್ಪು ಹೆಸರು ಬರುತ್ತದೆ.

ವಿದ್ಯಾನಗರ: ನಮ್ಮ ಆಫೀಸಿನ ಸರ್ವರ್‌ಗಳಲ್ಲಿ ಮೂರು ವರ್ಷದಿಂದ ಕೆಎಎಸ್‌ಎಲ್‌ಆರ್ ಆಫ್. ಏನೂ ಆಗಿಲ್ಲ.

ನವನಗರ: ಮೂರು ವರ್ಷ ಚಿಲಕ ಹಾಕದೆ ಮಲಗಿದ್ರಿ, ಕಳ್ಳ ಬಂದಿಲ್ಲ. ಅಷ್ಟೇ ಅಲ್ವಾ?

ವಿದ್ಯಾನಗರ: ಸರ್ವರ್ ನಡೆಸಿ ಗೊತ್ತಿದ್ದವರು ಮಾತಾಡ್ರಿ. ಓದಿದ್ದನ್ನೇ ಹೇಳಬೇಡ್ರಿ.

ನವನಗರ: ನಡೆಸಿದ್ದೀನಿ ಅಂತಲೇ ಹೇಳ್ತಿದ್ದೀನಿ. ನಿಮ್ಮ ಫಾರ್ವರ್ಡ್ ನಂಬಿ ನಮ್ಮ ಹುಡುಗ ಒಬ್ಬ ಎರಡು ದಿನ ಹಾಳು ಮಾಡಿಕೊಂಡ.

ತಾರಿಹಾಳ: ಜಗಳದ ನಡುವೆ ಕೇಳ್ತಿದ್ದೀನಿ, ಕ್ಷಮಿಸಿ. ನಾವು ಮಷೀನ್ ಕಂಟ್ರೋಲ್ ಬೋರ್ಡ್ ಮಾಡ್ತೀವಿ. ಪರ್ಫ್ ಡೇಟಾ ಲ್ಯಾಪ್‌ಟಾಪ್‌ಗೆ ತಂದು, ಮೊದಲೇ ಉಳಿಸಿಟ್ಟಿದ್ದ ಕಾಲ್‌ಸಿಮ್ಸ್ ಫೈಲ್ ಕೊಟ್ಟು ರಿಪೋರ್ಟ್ ತೆಗೆದೆ. ಸುಮಾರು ಮೂರನೇ ಒಂದು ಭಾಗ ಸಮಯ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಫಂಕ್ಷನ್‌ಗಳಲ್ಲಿ ಅಂತ ಬಂತು. ಬೋರ್ಡ್‌ನಲ್ಲಿ ಇಎಕ್ಸ್‌ಟಿ4 ಇಲ್ಲವೇ ಇಲ್ಲ, ನ್ಯಾಂಡ್ ಫ್ಲ್ಯಾಶ್ ಮೇಲೆ ಯುಬಿಐಎಫ್‌ಎಸ್ ಎಂಬ ಬೇರೆ ಫೈಲ್‌ಸಿಸ್ಟಮ್ ಇದೆ. ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಶೆಡ್ಯೂಲರ್‌ನ ಹೆಸರುಗಳು ಮಾತ್ರ ಸರಿ ಅನ್ನಿಸುತ್ತವೆ. ಕರ್ನೆಲ್ ಆವೃತ್ತಿ ತೋರಿಸುವ ಯುನೇಮ್-ಆರ್ ಕಮಾಂಡ್ ಎರಡೂ ಬಿಲ್ಡ್‌ಗೆ ಒಂದೇ ಉತ್ತರ ಕೊಡುತ್ತದೆ.

ಮೇಡಂ: ಇದಕ್ಕೆ ಪೂರ್ತಿ ಹೇಳ್ತೀನಿ. ಹೆಸರು ಬರದಿದ್ದರೆ ನಮಗೆ ಗೊತ್ತಾಗುತ್ತದೆ. ತಪ್ಪು ಹೆಸರು ಬಂದರೆ ನಂಬಿಬಿಡ್ತೀವಿ, ತಿಂಗಳುಗಟ್ಟಲೆ ಇಲ್ಲದ ಜಾಗ ರಿಪೇರಿ ಮಾಡ್ತೀವಿ. ನನಗೆ ಚಿಂತೆ ಅದೇ.

ಒಂದು ಊಹೆ ಮಾಡ್ತೀನಿ. ಆ ಕಾಲ್‌ಸಿಮ್ಸ್ ಉಳಿಸಿದ ಮೇಲೆ, ಇಎಕ್ಸ್‌ಟಿ4 ಬೇಡ ಅಂತ ತೆಗೆದು ಕರ್ನೆಲ್ ಮತ್ತೆ ಬಿಲ್ಡ್ ಮಾಡಿದ್ದೀರಿ. ಕರ್ನೆಲ್ ಲಿಂಕ್ ಆಗುವಾಗ ಶೆಡ್ಯೂಲರ್, ಮೆಮೊರಿ ಕೋಡ್ ಮೊದಲು ಬರುತ್ತದೆ. ಫೈಲ್‌ಸಿಸ್ಟಮ್‌ಗಳು ಆಮೇಲೆ. ನಡುವಿನ ಇಎಕ್ಸ್‌ಟಿ4 ಹೋದರೆ ಅದಕ್ಕಿಂತ ಮೊದಲಿನದೆಲ್ಲಾ ಇದ್ದಲ್ಲೇ ಇರುತ್ತದೆ, ಆಮೇಲಿನದೆಲ್ಲಾ ಕಡಿಮೆ ವಿಳಾಸಕ್ಕೆ ಸರಿಯುತ್ತದೆ. ಹಳೇ ಪಟ್ಟಿಯಲ್ಲಿ ಇಎಕ್ಸ್‌ಟಿ4 ಇದ್ದ ವಿಳಾಸಕ್ಕೆ ಈಗ ಬೇರೆಯವರು ಬಂದು ಕೂತಿದ್ದಾರೆ. ನಿಮ್ಮಲ್ಲಿ ಅದು ಯುಬಿಐಎಫ್‌ಎಸ್ ಇರಬೇಕು. ಶೆಡ್ಯೂಲರ್ ಹೆಸರು ಸರಿ ಬಂದಿದ್ದಕ್ಕೂ ಇದೇ ಕಾರಣ. ಮೊದಲ ಸಾಲುಗಳು ಸರಿ ಇವೆ ಅಂತ ಉಳಿದದ್ದನ್ನೂ ನಂಬೋದು ಇಲ್ಲೇ.

ಯುನೇಮ್-ಆರ್ ಕೊಡೋದು ಬರೀ ಆವೃತ್ತಿ. ಅದೇ ಸೋರ್ಸ್ ಹತ್ತು ಸಲ ಬಿಲ್ಡ್ ಮಾಡಿದರೂ ಅದು ಬದಲಾಗಲ್ಲ. ಯುನೇಮ್-ವಿ ನೋಡಿ, ಬಿಲ್ಡ್ ನಂಬರ್, ತಾರೀಖು ಸಿಗುತ್ತವೆ. ಅದಕ್ಕಿಂತ ಗಟ್ಟಿ ಗುರುತು ಬಿಲ್ಡ್ ಐಡಿ, ಸಾಮಾನ್ಯವಾಗಿ 40 ಅಕ್ಷರ. ಡೇಟಾ ಫೈಲ್ ಮೇಲೆ ಪರ್ಫ್ ಬಿಲ್ಡ್‌ಐಡಿ-ಲಿಸ್ಟ್ ಓಡಿಸಿ. ಆ ಬಿಲ್ಡ್‌ನ ವಿಎಂಲಿನಕ್ಸ್ (ಫಂಕ್ಷನ್ ಹೆಸರುಗಳ ಸಮೇತ ಇರುವ ಕರ್ನೆಲ್ ಫೈಲ್) ಮೇಲೆ ರೀಡ್‌ಎಲ್ಫ್-ಎನ್ ಓಡಿಸಿ. ಎರಡೂ ಒಂದೇ ಇದ್ದರೆ ಮಾತ್ರ ಆ ವಿಎಂಲಿನಕ್ಸ್ ಕೊಡಿ. ಐಡಿ ಬೇರೆಯಾದರೆ ಪರ್ಫ್ ಆ ಫೈಲ್ ಒಪ್ಪಲ್ಲ. ನೀವೇ ಕೈಯಾರೆ ಕೊಟ್ಟ ಕಾಲ್‌ಸಿಮ್ಸ್‌ಗೆ ಆ ತಪಾಸಣೆ ಇಲ್ಲ. ಕೊಟ್ಟದ್ದನ್ನೇ ನಂಬುತ್ತದೆ. ಕಾಲ್‌ಸಿಮ್ಸೇ ಬೇಕು ಅಂದರೆ ರೆಕಾರ್ಡ್ ಮಾಡಿದ ಅದೇ ಬೂಟ್‌ನಲ್ಲಿ, ರೂಟ್ ಆಗಿ, ಡೇಟಾ ಜೊತೆಗೇ ಕಾಪಿ ಮಾಡಿ. ಕರ್ನೆಲ್‌ಗೆ ಆಮೇಲೆ ಸೇರುವ ಮಾಡ್ಯೂಲ್‌ಗಳು ಮುಂದಿನ ಬೂಟ್‌ನಲ್ಲಿ ಬೇರೆ ಕಡೆ ಕೂರಬಹುದು.

ವಿದ್ಯಾನಗರ: ಇಷ್ಟೆಲ್ಲಾ ಯಾಕೆ? ಸಿಸ್ಟಮ್.ಮ್ಯಾಪ್ ಕೊಟ್ಟರೆ ಮುಗೀತು.

ಮೇಡಂ: ಅವರ ಬೋರ್ಡ್‌ಗೆ ಆಗಿರೋದೇ ಅದು, ಹಳೇ ಬಿಲ್ಡ್‌ನ ಪಟ್ಟಿ. ಓದದೆ ಬರೀಬೇಡಿ.

ನವನಗರ: ಅಡ್ಮಿನ್, ಇವರನ್ನು ಸ್ವಲ್ಪ ಸುಮ್ನಿರಿಸಿ.

ವಿದ್ಯಾನಗರ: ನಿಮ್ಮ ಅಪ್ಪಣೆ ನನಗೆ ಬೇಕಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಹಾವೇರಿ: ಸುಡೊ ಹಾಕಿದೆ, ಇನ್ನೂ ಸೊನ್ನೆ.

ಮೇಡಂ: ನಿಮ್ಮ ಕೆಪಿಟಿಆರ್_ರಿಸ್ಟ್ರಿಕ್ಟ್ 2 ಇದೆ. 1 ಮಾಡಿ.

ತಾರಿಹಾಳ: ಮೇಡಂ, ಊಹೆ ಸರಿ. ಹೋದ ತಿಂಗಳು ಇಎಕ್ಸ್‌ಟಿ4 ತೆಗೆದಿದ್ದೆವು. ಐಡಿ ಹೊಂದಿಸಿ ನೋಡಿದೆ, ಅಷ್ಟೂ ಯುಬಿಐಎಫ್‌ಎಸ್. ನಮ್ಮ ಲಾಗ್ ಬರೆಯುವ ಕೋಡ್‌ನಿಂದಲೇ ಬರ್ತಿದೆ.

ಮೇಡಂ: ಒಳ್ಳೇದಾಯ್ತು. ಪ್ರತಿ ಸಾಲಿಗೂ ಎಫ್‌ಸಿಂಕ್ (ಬರೆದದ್ದನ್ನು ತಕ್ಷಣ ಸ್ಟೋರೇಜ್‌ಗೆ ಇಳಿಸುವ ಕರೆ) ಕರೀತಿದ್ದೀರಾ, ಅದನ್ನು ಮೊದಲು ನೋಡಿ. ವಿಎಂಲಿನಕ್ಸ್ ಇನ್ನು ಮೇಲೆ ಬಿಲ್ಡ್ ಐಡಿ ಹೆಸರಲ್ಲಿ ಎತ್ತಿಡಿ, ಅಳಿಸಬೇಡಿ.

ಗದಗ: ಮೇಡಂ, ಜಾವಾದ್ದು ಕೇಳಿದ್ದೆ.