ಕುಸಿದ ಕಾಂಪೌಂಡ್, ಮಾತಾಡದ ಮಕ್ಕಳು: ಅನುದಾನಕ್ಕೆ ಯಾರನ್ನು ಕೇಳಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು 180 ಮಕ್ಕಳಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕ. ರಸ್ತೆ ಬದಿಯ ಕಾಂಪೌಂಡ್ ಎರಡು ವರ್ಷದ ಹಿಂದಿನ ಮಳೆಗೆ ಬಿದ್ದದ್ದು ಹಾಗೆಯೇ ಇದೆ. ಏಳು ಮತ್ತು ಎಂಟನೇ ತರಗತಿಯ ಕೆಲವು ಮಕ್ಕಳು ಈಚೆಗೆ ಊಟದ ಹೊತ್ತಿನಲ್ಲೂ ಯಾರೊಂದಿಗೂ ಬೆರೆಯದೆ ಕುಳಿತಿರುತ್ತಾರೆ. ಅವರಿಗಾಗಿ ಆಪ್ತಸಮಾಲೋಚಕರೊಬ್ಬರು ಬೇಕೆನಿಸುತ್ತದೆ. ಎರಡನ್ನೂ ಸೇರಿಸಿ ಬರೆದ ಮನವಿಯನ್ನು ಎರಡು ಕಂಪನಿಗಳಿಗೆ ಕಳುಹಿಸಿದ್ದೆ, ಉತ್ತರ ಬರಲಿಲ್ಲ.

ಉತ್ತರ: ನಮಸ್ಕಾರ ಸರ್. ಮೊದಲು ಆ ಮನವಿಯನ್ನು ಎರಡಾಗಿಸಿ. ಗೋಡೆ ಒಮ್ಮೆ ಕಟ್ಟಿದರೆ ಮುಗಿಯುವ ಖರ್ಚು, ಸಮಾಲೋಚಕರದು ತಿಂಗಳು ತಿಂಗಳೂ ಬರುವ ಖರ್ಚು. ಇವೆರಡಕ್ಕೂ ಹಣ ಕೊಡುವವರು ಸಾಮಾನ್ಯವಾಗಿ ಬೇರೆ ಬೇರೆ.

ಗೋಡೆಯ ಮಾತಿಗೆ ಬಂದರೆ, ಅರ್ಜಿ ಬರೆಯುವ ಮೊದಲೇ ಯುಡೈಸ್‌ನಲ್ಲಿ (ಎಲ್ಲ ಶಾಲೆಗಳ ವಿವರ ದಾಖಲಾಗುವ ಸರ್ಕಾರಿ ದತ್ತಾಂಶ ವ್ಯವಸ್ಥೆ) ನಿಮ್ಮ ಶಾಲೆಯ ಮಾಹಿತಿಯನ್ನು ತೆರೆದು ನೋಡಿ. ಅಲ್ಲಿ 'ಪಕ್ಕಾ ಗೋಡೆ' ಮತ್ತು 'ಪಕ್ಕಾ, ಆದರೆ ಮುರಿದಿದೆ' ಎಂಬ ಬೇರೆ ಬೇರೆ ಆಯ್ಕೆಗಳಿವೆ. ಹಳೆಯ ನಮೂದು ಹಾಗೆಯೇ ಮುಂದುವರಿದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಗೋಡೆ ಇನ್ನೂ ನಿಂತೇ ಇದೆ! ಪಹಣಿಯನ್ನೂ ನೋಡಿಕೊಳ್ಳಿ, ದಾನವಾಗಿ ಬಂದ ಜಾಗ ಇಂದಿಗೂ ದಾನಿಯ ಹೆಸರಿನಲ್ಲೇ ಉಳಿದಿದ್ದರೆ ಕಾಮಗಾರಿ ಅಲ್ಲೇ ನಿಲ್ಲುತ್ತದೆ.

ಶಾಲೆಗಳಿಗೆ ನೆರವು ನೀಡುವ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ 100ಕ್ಕಿಂತ ಹೆಚ್ಚು, 250ರವರೆಗೆ ಮಕ್ಕಳಿರುವ ಶಾಲೆಗೆ ವಾರ್ಷಿಕ ಅನುದಾನದ ಮಿತಿ 50,000 ರೂಪಾಯಿ, ಅದರಲ್ಲೂ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಅದನ್ನು ನಂಬಿ ಗೋಡೆ ಏಳುವುದಿಲ್ಲ. ನೀವು ಹೋಗಬೇಕಾದದ್ದು ಗ್ರಾಮ ಪಂಚಾಯಿತಿಗೆ. ಅದರ ಮುಂದಿನ ವರ್ಷದ ಯೋಜನೆಯ ತಯಾರಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಆರಂಭವಾಗುವುದರಿಂದ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ, ಎಂಜಿನಿಯರರ ಅಂದಾಜು ಪಟ್ಟಿ ಮತ್ತು ಬಿದ್ದ ಗೋಡೆಯ ಫೋಟೊಗಳನ್ನು ಅದಕ್ಕೆ ಮುಂಚೆಯೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಗೆ ತಲುಪಿಸಿ ಗ್ರಾಮಸಭೆಯಲ್ಲಿ ವಿಷಯ ಎತ್ತಿಸಬೇಕು. ರಾಜ್ಯದ ಅನೇಕ ಶಾಲಾ ಕಾಂಪೌಂಡುಗಳು ನರೇಗಾ ಹಣದಿಂದ ಎದ್ದದ್ದು ಈ ದಾರಿಯಲ್ಲೇ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೂ ಇದೇ ಕಡತದ ಪ್ರತಿ ಸಾಕು.

ಮರುಪ್ರಶ್ನೆ: ಹಾಗಾದರೆ ಕಂಪನಿಗಳನ್ನು ಕೇಳುವುದೇ ಬೇಡವೇ?

ಉತ್ತರ: ಸಮಾಲೋಚಕರಿಗಾಗಿ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು, ತಮ್ಮ ಘಟಕವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆದ್ದರಿಂದ ದೂರದ ದೊಡ್ಡ ಹೆಸರಿಗಿಂತ ನಿಮ್ಮ ತಾಲ್ಲೂಕಿನಲ್ಲೇ ಕಾರ್ಖಾನೆಯಿರುವ ಕಂಪನಿ ಮೇಲು. ಬೇರೊಂದು ಸಂಸ್ಥೆಯ ಮೂಲಕ ಕೆಲಸ ಮಾಡಿಸುವುದಾದರೆ ಆ ಸಂಸ್ಥೆ ಸಿಎಸ್‌ಆರ್-1 ಎಂಬ ನಮೂನೆಯಲ್ಲಿ ಸರ್ಕಾರದ ಬಳಿ ನೋಂದಣಿ ಹೊಂದಿರಬೇಕು; ಅಂಥ ಟ್ರಸ್ಟ್ ಒಂದನ್ನು ಹುಡುಕಿ, ಕ್ಲಸ್ಟರಿನ ಐದಾರು ಶಾಲೆಗಳು ಸೇರಿ ಒಬ್ಬ ಸಮಾಲೋಚಕರನ್ನು ಕೇಳಿದರೆ ಒಂದು ಶಾಲೆಗೆ ತಗಲುವ ಖರ್ಚು ಇಳಿಯುತ್ತದೆ.

ಹಣ ಬರುವವರೆಗೆ ಮಕ್ಕಳನ್ನು ಕಾಯಿಸಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಆ ಕಾರ್ಯಕ್ರಮದ ನಿಮ್ಮ ಜಿಲ್ಲಾ ತಂಡಕ್ಕೆ ಪತ್ರ ಬರೆದು ಶಾಲಾ ಭೇಟಿ ಕೋರಿ. 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಮಕ್ಕಳ ಆರೋಗ್ಯದ ವಿಷಯದಲ್ಲಿ ತರಬೇತಿ ಕೊಡಬೇಕೆಂದಿದೆ. ನಿಮ್ಮಲ್ಲಿ ಆ ಇಬ್ಬರು ಯಾರೆಂದು ಕೇಳಿ ನೋಡಿ.

ಮರುಪ್ರಶ್ನೆ: ದಾನಿಗಳು ಮಕ್ಕಳ ಕಥೆ, ಫೋಟೊ ಕೇಳಿದರೆ?

ಉತ್ತರ: ಗೋಡೆಯದನ್ನು ಬೇಕಾದಷ್ಟು ಕೊಡಿ, ಮಕ್ಕಳದನ್ನು ಕೊಡಬೇಡಿ. ಹೆಸರಿಲ್ಲದಿದ್ದರೂ 'ಎಂಟನೇ ತರಗತಿಯ, ತಂದೆ ತೀರಿಕೊಂಡ ಹುಡುಗಿ' ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಗಂಟೆ, ಕುಳಿತು ಮಾತಾಡಲು ಬಾಗಿಲಿರುವ ಕೋಣೆ ಇದೆಯೇ, ಇಷ್ಟನ್ನು ಬರೆಯಿರಿ.