ಪದ್ಮಿನಿಯ ಸೋಲೆಕ್ಸ್: ಮಡಿಕೇರಿ ಎತ್ತರಕ್ಕೆ ಮೇನ್ ಜೆಟ್ ಬದಲಿಸಬೇಕಾ?

ಪ್ರಶ್ನೆ (ಮಡಿಕೇರಿ)
ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಸೋಲೆಕ್ಸ್ ಕಾರ್ಬುರೇಟರ್. ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು. ಈಗ ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತೆ, ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೆ ಐಡ್ಲಿಂಗ್‌ನಲ್ಲಿ ಓಡದೆ ಆಫ್ ಆಗುತ್ತೆ. ಆಕ್ಸಿಲರೇಟರ್ ಒತ್ತಿದರೆ ಒಮ್ಮೆ ಮುಗ್ಗರಿಸಿ ಆಮೇಲೆ ಎಳೆಯುತ್ತೆ. ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಇಲ್ಲ. ಫ್ಲೋಟ್ ಬೌಲ್ (ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲು) ತಳದಲ್ಲಿ ಬಿಳಿ ಪುಡಿ ಕೂತಿದೆ. ಘಟ್ಟದ ಮೇಲೆ ಸಣ್ಣ ಮೇನ್ ಜೆಟ್ (ಓಡುವಾಗ ಪೆಟ್ರೋಲ್ ಅಳೆದು ಬಿಡುವ ತೂತು) ಬೇಕು ಅಂತಾರೆ, ನಿಜವಾ? ರಿಪೇರಿ ಕಿಟ್ ತರಿಸಿದ್ದೇನೆ.

ಉತ್ತರ (ಕುಶಾಲನಗರ)
ಮೇನ್ ಜೆಟ್ ಮುಟ್ಟಬೇಡಿ ಸರ್. ಐಡ್ಲಿಂಗಿಗೆ ಪೆಟ್ರೋಲ್ ಬರೋದು ಪೈಲಟ್ ಜೆಟ್‌ನಿಂದ. ಸ್ಕ್ರೂಗೆ ಎಂಜಿನ್ ಸ್ಪಂದಿಸದಿದ್ದರೆ ಪೈಲಟ್ ಜೆಟ್ ಅಥವಾ ಅದರ ದಾರಿ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಆ ಬಿಳಿ ಪುಡಿ ನೀರಿನಿಂದ ಲೋಹ ಕೊರೆದದ್ದು. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತೆ. ನಮ್ಮ ಜಡಿಮಳೆಯಲ್ಲಿ ಗಾಡಿ ನಿಲ್ಲಿಸಿಟ್ಟರೆ ನೀರು ಬೇರೆಯಾಗಿ ಬೌಲ್ ತಳಕ್ಕೆ ಇಳಿಯುತ್ತೆ.

ಮೊದಲು ರಬ್ಬರ್, ಡಯಾಫ್ರಮ್ ಎಲ್ಲ ಬಿಚ್ಚಿಡಿ, ಆಮೇಲೆ ಕ್ಲೀನರ್ ಹೊಡೆಯಿರಿ. ಜೆಟ್‌ಗೆ ತಂತಿ ಹಾಕಲೇಬೇಡಿ: ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ತಪ್ಪುತ್ತೆ. ಪೈಲಟ್ ಜೆಟ್ ಕೂರುವ ತೂತಿಗೆ ಕ್ಲೀನರ್ ಬಿಟ್ಟರೆ ಮಿಕ್ಸ್ಚರ್ ಸ್ಕ್ರೂ ತೂತಿನಲ್ಲೂ, ಥ್ರಾಟಲ್ ತಟ್ಟೆ ಅಂಚಿನ ಸಣ್ಣ ತೂತುಗಳಲ್ಲೂ ಬರಬೇಕು. ಬರುವವರೆಗೂ ಕಂಪ್ರೆಸರ್ ಗಾಳಿ ಕೊಡಿ. ಸ್ಕ್ರೂ ತುದಿ ಬೆಳಕಿಗೆ ಹಿಡಿದು ನೋಡಿ. ಬಿಗಿಯಾಗಿ ತಿರುಗಿಸಿದ್ದರೆ ಮೊನೆಯ ಸುತ್ತ ಉಂಗುರದಂಥ ಗೆರೆ ಬಿದ್ದಿರುತ್ತೆ; ಅದನ್ನು ಬದಲಿಸಿ.

ಮುಗ್ಗರಿಸೋದಕ್ಕೆ ಕಾರಣ ಆಕ್ಸಿಲರೇಟರ್ ಪಂಪ್. ಎಂಜಿನ್ ಆಫ್ ಮಾಡಿ, ಮೇಲಿಂದ ನೋಡುತ್ತಾ ಥ್ರಾಟಲ್ ಎಳೆಯಿರಿ. ತಡವಿಲ್ಲದೆ ಒಂದು ಧಾರೆ ಚಿಮ್ಮಬೇಕು. ಹನಿಹನಿ ಬಂದರೆ ಡಯಾಫ್ರಮ್ ಗಟ್ಟಿಯಾಗಿದೆ ಅಥವಾ ಒಳಗಿನ ಗುಂಡು ಅಂಟಿದೆ.

ಫ್ಲೋಟ್ ಲೆವೆಲ್‌ಗೆ (ಬೌಲ್‌ನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ) ಸೋಲೆಕ್ಸ್‌ನಲ್ಲಿ ನೀಡಲ್ ವಾಲ್ವ್ ಕೆಳಗಿನ ವಾಷರ್ ದಪ್ಪವೇ ಮುಖ್ಯ. ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದು ಅಷ್ಟೇ ದಪ್ಪದ್ದು ಹಾಕಿ. ಕಿಟ್‌ನಲ್ಲಿ ಬರುವುದು ಕೆಲವೊಮ್ಮೆ ಬೇರೆ ಅಳತೆ ಇರುತ್ತೆ. ದಪ್ಪ ಹೆಚ್ಚಾದಷ್ಟು ಲೆವೆಲ್ ಇಳಿಯುತ್ತೆ.

ಉತ್ತರ (ಸುಂಟಿಕೊಪ್ಪ)
ಎತ್ತರದ ವಿಷಯಕ್ಕೆ: ಮಡಿಕೇರಿ ಸುಮಾರು 1150 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ, ಅದರಿಂದ ಮಿಶ್ರಣ ಶೇ. 5ರಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತೆ. ಇನ್ನೊಂದು ಕಡೆ, ಶುದ್ಧ ಪೆಟ್ರೋಲ್‌ಗೆ 1 ಕೆಜಿಗೆ 14.7 ಕೆಜಿ ಗಾಳಿ ಸಾಕಾದರೆ ಇ20ಗೆ (ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್) ಸುಮಾರು 13.5 ಸಾಕು. ಅಂದರೆ ಹಳೇ ಜೆಟ್‌ನಲ್ಲಿ ಇ20 ಲೀನ್ (ಪೆಟ್ರೋಲ್ ಕಡಿಮೆ) ಓಡುತ್ತೆ. ಎರಡೂ ಹೆಚ್ಚುಕಮ್ಮಿ ಒಂದಕ್ಕೊಂದು ಹೊಡೆದುಹೋಗುತ್ತವೆ. ಜೆಟ್ ಸಣ್ಣದು ಮಾಡಿದರೆ ಸಂಪಾಜೆ ಘಟ್ಟ ಹತ್ತುವಾಗ ಎಂಜಿನ್ ಕಾಯುತ್ತೆ. ಮೊದಲು ಸ್ಪಾರ್ಕ್ ಪ್ಲಗ್ ತುದಿಯ ಬಣ್ಣ ನೋಡಿ: ಕಂದು ಸರಿ, ಬಿಳಿ ಲೀನ್, ಒಣ ಕಪ್ಪು ಮಸಿ ರಿಚ್.

ಪ್ರಶ್ನೆ (ಮಡಿಕೇರಿ)
ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಟ್ಟೆ ತಿರುಗುವ ಸರಳು) ಕೈಯಲ್ಲಿ ಅಲ್ಲಾಡುತ್ತೆ ಅಣ್ಣ. ಪರವಾಗಿಲ್ವಾ?

ಉತ್ತರ (ಕುಶಾಲನಗರ)
ಪರವಾಗಿಲ್ಲ ಅನ್ನೋ ಹಾಗಿಲ್ಲ. ಅದರ ಸುತ್ತ ಗಾಳಿ ಎಳೆದರೆ ಕಿಟ್ ಹಾಕಿಯೂ ಐಡ್ಲಿಂಗ್ ಸಿಗಲ್ಲ. ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಿ. ತಳದ ಫ್ಲೇಂಜ್ ಮೇಲೆ ಸ್ಕೇಲ್ ಇಟ್ಟು 0.1 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ತೂರುತ್ತಾ ನೋಡಿ. ತೂರಿದರೆ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ. ಕಾರ್ಬುರೇಟರ್ ನಟ್ ಎರಡನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿ ಮಾಡಿ.

ಟ್ಯೂನಿಂಗ್‌ಗೆ ಮೊದಲು ಟ್ಯಾಪೆಟ್ (ವಾಲ್ವ್ ಸಂದು), ಇಗ್ನಿಷನ್ ಪಾಯಿಂಟ್, ಟೈಮಿಂಗ್ ಸರಿ ಇರಲಿ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಾಗುವವರೆಗೆ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್ ಸುಮಾರು 800 ಆರ್‌ಪಿಎಂಗೆ ಇಟ್ಟು, ಮಿಕ್ಸ್ಚರ್ ಸ್ಕ್ರೂನಿಂದ ಅತಿ ವೇಗದ, ನಯವಾದ ಓಟ ಸಿಗುವ ಜಾಗ ಹುಡುಕಿ. ವೇಗ ಏರಿದರೆ ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮತ್ತೆ ಅದೇ ಮಾಡಿ.

ಉತ್ತರ (ಸುಂಟಿಕೊಪ್ಪ)
ವ್ಯಾಕ್ಯೂಮ್ ಗೇಜ್ ಇದ್ದರೆ ಒಂದು ಮಾತು: ಪುಸ್ತಕದಲ್ಲಿನ 17–21 ಇಂಚು (ಪಾದರಸ) ಸಮುದ್ರಮಟ್ಟದ್ದು. ಪ್ರತಿ 1000 ಅಡಿಗೆ 1 ಇಂಚು ಕಳೆಯಿರಿ. ಮಡಿಕೇರಿಯಲ್ಲಿ ಮುಳ್ಳು 13–17ರಲ್ಲಿ ಅಲುಗದೆ ನಿಂತರೆ ಅದು ಆರೋಗ್ಯವೇ, ಲೀಕ್ ಹುಡುಕುತ್ತಾ ಕೂರಬೇಡಿ. ಹಳೇ ಪೆಟ್ರೋಲ್ ಪೈಪನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಮುಂದಿನ ಸಲ ಜೂನ್‌ನಲ್ಲಿ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಬೌಲ್ ಬರಿದಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ.